ಕ್ಯಾಬಿನೆಟ್ ಬದಲಿಸುವ ಮುನ್ನ: ಬ್ರಾಂಡೆಡ್ ಕಂಪ್ಯೂಟರಿನ ಬಿಡಿಭಾಗಗಳ ಬಗ್ಗೆ ಓದುಗರ ಪ್ರಶ್ನೆಗಳು

ಕಂಪನಿಗಳು ಬಳಸಿ ಬಿಟ್ಟ ಡೆಲ್, ಎಚ್‌ಪಿ, ಲೆನೊವೊ ಟವರ್‌ಗಳು ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆಯಾದ ಎಸ್‌ಪಿ ರಸ್ತೆಗೆ ಬಂದು, ಅಲ್ಲಿಂದ ಊರೂರಿನ ಅಂಗಡಿಗಳಿಗೆ ಹೋಗುತ್ತವೆ. ಅಗ್ಗಕ್ಕೆ ಸಿಕ್ಕುತ್ತವೆ, ಗಟ್ಟಿಯಾಗಿಯೂ ಇರುತ್ತವೆ. ತೊಂದರೆ ಶುರುವಾಗುವುದು ಅವುಗಳ ಒಳಗಿನದನ್ನು ಹೊಸ ಕ್ಯಾಬಿನೆಟ್‌ಗೋ ಹೊಸ ಮದರ್‌ಬೋರ್ಡ್‌ಗೋ ಸಾಗಿಸಲು ಹೊರಟಾಗ. ಈ ಸಂಚಿಕೆಯಲ್ಲಿ ಅಂಥ ಪ್ರಶ್ನೆಗಳನ್ನಷ್ಟೇ ಎತ್ತಿಕೊಂಡಿದ್ದೇವೆ.

ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಡೆಲ್ ಆಪ್ಟಿಪ್ಲೆಕ್ಸ್ 7020 ಟವರ್ ಇದೆ. ಐ5-4590 ಪ್ರೊಸೆಸರ್, 8 ಜಿಬಿ ರ್‍ಯಾಮ್. ಒಳಗಿನದನ್ನೆಲ್ಲ ಹಾಗೇ ಎತ್ತಿ ಗಾಜಿನ ಕ್ಯಾಬಿನೆಟ್‌ಗೆ ಹಾಕಿ, 550 ವಾಟ್‌ನ ಎಸ್‌ಎಂಪಿಎಸ್ (ಒಳಗಿನ ಭಾಗಗಳಿಗೆ ಕರೆಂಟ್ ಕೊಡುವ ಡಬ್ಬ) ಕೊಂಡು, ಗ್ರಾಫಿಕ್ಸ್ ಕಾರ್ಡ್ ಕೂರಿಸಬೇಕೆಂದಿದ್ದೇನೆ. ಅಂಗಡಿಯವರು ‘ಆಗಲ್ಲ, ಬೋರ್ಡೂ ಬದಲಿಸಿ’ ಅನ್ನುತ್ತಾರೆ. ವ್ಯಾಪಾರಕ್ಕಾಗಿ ಹಾಗೆ ಹೇಳುತ್ತಿದ್ದಾರೆಯೇ?
— ಓದುಗರು, ದಾವಣಗೆರೆ

ಉತ್ತರ: ಅವರ ಮಾತಿನಲ್ಲಿ ಮುಕ್ಕಾಲು ಪಾಲು ನಿಜವಿದೆ. ಬ್ರಾಂಡೆಡ್ ಕಂಪ್ಯೂಟರಿನಲ್ಲಿ ಕ್ಯಾಬಿನೆಟ್, ಮದರ್‌ಬೋರ್ಡ್, ಎಸ್‌ಎಂಪಿಎಸ್, ಪ್ರೊಸೆಸರಿನ ಕೂಲರ್ ಈ ನಾಲ್ಕೂ ಒಂದೇ ಕುಟುಂಬ. ಒಂದನ್ನು ಹೊರಗೆ ಕರೆದರೆ ಉಳಿದ ಮೂರೂ ತಗಾದೆ ತೆಗೆಯುತ್ತವೆ. ಪ್ರೊಸೆಸರ್, ರ್‍ಯಾಮ್, ಎಸ್‌ಎಸ್‌ಡಿ, ಹಾರ್ಡ್‌ಡಿಸ್ಕ್, ಗ್ರಾಫಿಕ್ಸ್ ಕಾರ್ಡ್ ಮಾತ್ರ ಎಲ್ಲಿ ಬೇಕಾದರೂ ಹೊಂದಿಕೊಳ್ಳುವವು, ಅದೂ ಸರಿಯಾದ ಬೋರ್ಡ್ ಸಿಕ್ಕರೆ.

ನಿಮ್ಮ 7020ಯ ಪಕ್ಕದ ಬಾಗಿಲು ತೆಗೆದು ಎಸ್‌ಎಂಪಿಎಸ್‌ನಿಂದ ಬೋರ್ಡ್‌ಗೆ ಹೋಗುವ ವೈರಿನ ಗೊಂಚಲನ್ನು ನೋಡಿ. ಅಂಗಡಿಯಲ್ಲಿ ಸಿಗುವ ಎಟಿಎಕ್ಸ್ (ಮಾರುಕಟ್ಟೆಯ ಸಾಮಾನ್ಯ ಅಳತೆ) ಎಸ್‌ಎಂಪಿಎಸ್‌ನ ದೊಡ್ಡ ಕನೆಕ್ಟರ್‌ಗೆ 24 ಪಿನ್. ನಿಮ್ಮದಕ್ಕೆ 8 ಪಿನ್, ಜೊತೆಗೆ ಪ್ರೊಸೆಸರಿಗೆಂದು ಪ್ರತ್ಯೇಕ 4 ಪಿನ್. ಡೆಲ್‌ನ ಈ ಎಸ್‌ಎಂಪಿಎಸ್ 12 ವೋಲ್ಟ್ ಮಾತ್ರ ಕೊಡುತ್ತದೆ. 5 ಮತ್ತು 3.3 ವೋಲ್ಟನ್ನು ಬೋರ್ಡೇ ತಯಾರಿಸಿಕೊಳ್ಳುತ್ತದೆ. ಹಾರ್ಡ್‌ಡಿಸ್ಕಿಗೆ ಹೋಗುವ ಕರೆಂಟ್ ಕೂಡ ಎಸ್‌ಎಂಪಿಎಸ್‌ನಿಂದಲ್ಲ, ಬೋರ್ಡ್‌ನಿಂದ ಬರುವುದನ್ನು ಗಮನಿಸಿ. 24ರಿಂದ 8 ಪಿನ್‌ಗೆ ಇಳಿಸುವ ಅಡಾಪ್ಟರ್ ವೈರು ಆನ್‌ಲೈನ್‌ನಲ್ಲಿ ಸಿಗುತ್ತದೆ, ಕೆಲಸವನ್ನೂ ಮಾಡುತ್ತದೆ. ಆದರೆ ಅದು ದಾಟಿಸುವುದು ಮೊದಲನೆಯ ಗೋಡೆಯನ್ನು ಮಾತ್ರ.

ಎರಡನೆಯದು ಮುಂಭಾಗದ ವೈರು. ಹೊಸ ಕ್ಯಾಬಿನೆಟ್‌ನ ಪವರ್ ಬಟನ್ ಎರಡು ಪಿನ್ನಿನ ಚಿಕ್ಕ ಕನೆಕ್ಟರ್‌ನೊಂದಿಗೆ ಬರುತ್ತದೆ. ಡೆಲ್ ಬೋರ್ಡ್‌ನಲ್ಲಿ ಅದಕ್ಕೆ ಹೊಂದುವ ಸಾಲು ಇಲ್ಲ, ಕಂಪನಿಯದೇ ಆಕಾರದ ಸಾಕೆಟ್ ಇದೆ. ಹಳೆಯ ಬಟನ್ನಿನ ವೈರು ಕತ್ತರಿಸಿ ಬೆಸೆದುಕೊಳ್ಳುವವರಿದ್ದಾರೆ. ಮುಂಭಾಗದ ಯುಎಸ್‌ಬಿ, ಆಡಿಯೋ ತಟ್ಟೆ ಸಿಕ್ಕಿಸದೆ ಬಿಟ್ಟರೆ ಇಂಥ ಬೋರ್ಡ್‌ಗಳು ಸಾಮಾನ್ಯವಾಗಿ ಪ್ರತಿ ಸಲ ಆನ್ ಮಾಡಿದಾಗಲೂ ದೋಷದ ಸಂದೇಶ ತೋರಿಸಿ, ಎಫ್1 ಒತ್ತುವ ತನಕ ನಿಂತುಬಿಡುತ್ತವೆ. ಕ್ಯಾಬಿನೆಟ್ ಫ್ಯಾನಿನದೂ ಇದೇ ಹಟ: ಡೆಲ್‌ನ ಕೆಲವು ಬೋರ್ಡ್‌ಗಳಲ್ಲಿ 5 ಪಿನ್ನಿನ ಫ್ಯಾನ್ ಸಾಕೆಟ್ ಇರುತ್ತದೆ, ಅಂಗಡಿಯ ಫ್ಯಾನಿಗೆ 3 ಅಥವಾ 4 ಪಿನ್.

ಮೂರನೆಯದು ಕೂಲರ್. ಅನೇಕ ಡೆಲ್ ಟವರ್‌ಗಳಲ್ಲಿ ಕೂಲರಿನ ನಾಲ್ಕು ಸ್ಕ್ರೂಗಳು ಬೋರ್ಡನ್ನು ದಾಟಿ ಹಿಂದಿನ ತಗಡಿಗೇ ಕಚ್ಚಿಕೊಂಡಿರುತ್ತವೆ. ಬೋರ್ಡನ್ನು ಆ ತಗಡಿನಿಂದ ಎತ್ತಿದ ಮೇಲೆ ಸ್ಕ್ರೂ ಹಿಡಿಯಲು ಏನೂ ಉಳಿಯುವುದಿಲ್ಲ. ಆಗ ಬೋರ್ಡ್‌ನ ಹಿಂದೆ ತನ್ನದೇ ಫಲಕ ಇರುವ, ಎಲ್‌ಜಿಎ 1150ಕ್ಕೆ (ನಿಮ್ಮ ಪ್ರೊಸೆಸರ್ ಕೂರುವ ಸಾಕೆಟ್‌ನ ಹೆಸರು) ಹೊಂದುವ ಬೇರೆ ಕೂಲರ್ ಬೇಕು. ತೂತುಗಳ ನಡುವಿನ ಅಂತರ 75 ಮಿಲಿಮೀಟರ್ ಆದ್ದರಿಂದ 1155, 1151, 1200ಕ್ಕೆಂದು ಮಾರುವ ಕೂಲರ್‌ಗಳೂ ಆಗುತ್ತವೆ. 1700ಕ್ಕೆ ಮಾತ್ರ ಇರುವವು ಆಗುವುದಿಲ್ಲ, ಅದರಲ್ಲಿ ಅಂತರ 78. ಇದಲ್ಲದೆ ಹಿಂಬದಿಯ ಪೋರ್ಟ್‌ಗಳ ಸುತ್ತ ಕೂರುವ ತಗಡು ಡೆಲ್‌ನಲ್ಲಿ ಕ್ಯಾಬಿನೆಟ್‌ನ ಭಾಗವೇ ಆಗಿರುವುದರಿಂದ, ಹೊಸ ಕ್ಯಾಬಿನೆಟ್‌ನ ಹಿಂದೆ ಒಂದು ದೊಡ್ಡ ಚೌಕ ತೆರೆದೇ ಉಳಿಯುತ್ತದೆ. ಹಲ್ಲಿ, ಜಿರಳೆ ಇರುವ ಮನೆಯಲ್ಲಿ ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಇಷ್ಟೆಲ್ಲ ಮಾಡಿ ಕೈಗೆ ಬರುವುದು ಅದೇ ನಾಲ್ಕನೇ ತಲೆಮಾರಿನ (4590ರ ಮೊದಲ ಅಂಕಿ 4) ಕಂಪ್ಯೂಟರ್. ಗ್ರಾಫಿಕ್ಸ್ ಕಾರ್ಡ್ ಒಂದೇ ನಿಮ್ಮ ಆಸೆಯಾಗಿದ್ದರೆ ಏನನ್ನೂ ಕೀಳಬೇಡಿ ಎಂದೇ ನಮ್ಮ ಸಲಹೆ. ಈ ಟವರ್‌ನ ಎಸ್‌ಎಂಪಿಎಸ್ 290 ವಾಟ್‌ನದು. ಪ್ರೊಸೆಸರಿನ ಅಂದಾಜು 84 ವಾಟ್. ಗ್ರಾಫಿಕ್ಸ್ ಕಾರ್ಡ್ ಕೂರುವ ಪಿಸಿಐಇ ಸ್ಲಾಟ್ ತಾನೇ 75 ವಾಟ್ ತನಕ ಕೊಡಬಲ್ಲದು. ಆದ್ದರಿಂದ ಪ್ರತ್ಯೇಕ ಪವರ್ ವೈರು ಬೇಡದ ಜಿಟಿಎಕ್ಸ್ 1650 ಅಥವಾ 6 ಜಿಬಿಯ ಆರ್‌ಟಿಎಕ್ಸ್ 3050 ಅದೇ ಡಬ್ಬದಲ್ಲಿ ಓಡುತ್ತದೆ. 1650ರಲ್ಲಿ 6 ಪಿನ್ ಬೇಡುವ ಮಾದರಿಗಳೂ ಇವೆ, ಕಾರ್ಡ್‌ನ ಅಂಚನ್ನು ನೋಡಿಯೇ ಕೊಳ್ಳಿ. ಅದಕ್ಕಿಂತ ದೊಡ್ಡ ಕಾರ್ಡೇ ಬೇಕೆಂದಾದರೆ ಡೆಲ್ ಬೋರ್ಡನ್ನು ಮರೆತು ಎಲ್ಲ ಹೊಸದು ಕೊಳ್ಳಿ, ಎಸ್‌ಎಸ್‌ಡಿ ಮಾತ್ರ ಸಾಗಿಸಿ. ಐ5-4590ಕ್ಕೆಂದೇ ಎಚ್81 ಚಿಪ್‌ಸೆಟ್‌ನ (ಬೋರ್ಡ್‌ನ ಮುಖ್ಯ ಚಿಪ್) ಬೋರ್ಡ್ ಹುಡುಕುವುದು ಕೂಡ ಸಾಧ್ಯ, ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಕೇಳುವುದು ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಅದರ ಮೇಲಿನದನ್ನು. ಲಿನಕ್ಸ್ ಬಳಸುವವರಿಗೆ ಈ ಮಾತು ಅನ್ವಯಿಸುವುದಿಲ್ಲ.

ಒಂದು ಎಚ್ಚರಿಕೆ. ಡೆಲ್ 2024ರಲ್ಲಿ 7020 ಎಂಬ ಅದೇ ಸಂಖ್ಯೆಯಲ್ಲಿ ಬೇರೆಯೇ ಕಂಪ್ಯೂಟರ್ ತಂದಿದೆ, 7010ಕ್ಕೂ ಹೀಗೇ ಮಾಡಿದೆ. ವಿಡಿಯೋ ನೋಡಿ ಕೆಲಸ ಮಾಡುವವರು ಪ್ರೊಸೆಸರಿನ ತಲೆಮಾರು ಹೊಂದುತ್ತದೆಯೇ ಎಂದು ಮೊದಲು ತಾಳೆ ನೋಡಿ. 2012ರ ಹಳೆಯ 7010 ಟವರ್‌ನಲ್ಲಾದರೆ 24 ಪಿನ್ನೇ ಇದೆ, ಎಸ್‌ಎಂಪಿಎಸ್ ಬದಲಿಸುವುದು ಅಲ್ಲಿ ಸಲೀಸು.

ಪ್ರಶ್ನೆ: ಎಚ್‌ಪಿ ಎಲೈಟ್‌ಡೆಸ್ಕ್ 800 ಜಿ1, ಲೆನೊವೊ ಥಿಂಕ್‌ಸೆಂಟರ್ ಎಂ93ಪಿ ಇವಕ್ಕೂ ಇದೇ ಕಥೆಯೇ?
— ಓದುಗರು, ಶಿವಮೊಗ್ಗ

ಉತ್ತರ: ಕಥೆ ಅದೇ, ಪಿನ್ನಿನ ಲೆಕ್ಕ ಬೇರೆ. ಎಚ್‌ಪಿಯ ಆ ಮಾದರಿಗೆ 6 ಪಿನ್ನಿನ ಕನೆಕ್ಟರ್, ಲೆನೊವೊದ್ದಕ್ಕೆ 14 ಪಿನ್, ನಂತರದ ಹಲವು ಲೆನೊವೊಗಳಿಗೆ 10. ಒಂದಕ್ಕೆಂದು ಮಾಡಿದ ಅಡಾಪ್ಟರನ್ನು ಇನ್ನೊಂದಕ್ಕೆ ಒತ್ತಿ ಕೂರಿಸಲು ಹೋಗಬೇಡಿ, ಬೋರ್ಡ್ ಸುಟ್ಟೀತು. ಎಚ್‌ಪಿ ಬಿಚ್ಚಲು ಹೊರಡುವವರು ಟಿ15 ನಕ್ಷತ್ರಾಕಾರದ ಸ್ಕ್ರೂಡ್ರೈವರ್ ಇಟ್ಟುಕೊಂಡಿರಿ.

ಪ್ರಶ್ನೆ: ಬ್ರಾಂಡೆಡ್ ಟವರ್‌ನ ಬೋರ್ಡ್ ಸುಟ್ಟಿದೆ, ಐ5-8400 ಚೆನ್ನಾಗಿದೆ. ಎಲ್‌ಜಿಎ 1151 ಎಂದು ನೋಡಿ ಹಳೆಯ ಎಚ್110 ಬೋರ್ಡ್ ತಂದೆ. ಪ್ರೊಸೆಸರ್ ಸರಿಯಾಗಿ ಕೂತಿತು, ಆದರೆ ಪರದೆ ಕಪ್ಪು. ಪ್ರೊಸೆಸರೂ ಹೋಗಿದೆಯೇ?
— ಓದುಗರು, ಹುಬ್ಬಳ್ಳಿ

ಉತ್ತರ: ಬಹುಶಃ ಹೋಗಿಲ್ಲ. ಇದು ಇಂಟೆಲ್ ಮಾಡಿಟ್ಟ ಗೊಂದಲ. ಎಲ್‌ಜಿಎ 1151 ಎಂಬ ಒಂದೇ ಸಂಖ್ಯೆಯಲ್ಲಿ ಎರಡು ಬೇರೆ ಕುಟುಂಬಗಳಿವೆ. 6 ಮತ್ತು 7ನೇ ತಲೆಮಾರಿಗೆ ಎಚ್110, ಬಿ150, ಬಿ250, ಝಡ್170, ಝಡ್270. 8 ಮತ್ತು 9ನೇ ತಲೆಮಾರಿಗೆ ಎಚ್310, ಬಿ360, ಬಿ365, ಎಚ್370, ಝಡ್370, ಝಡ್390. ಕೂರುವ ಆಕಾರ ಒಂದೇ, ಕೆಲವು ಪಿನ್ನುಗಳ ಕೆಲಸ ಬೇರೆ. ಎಚ್310 ಬೋರ್ಡ್‌ನಲ್ಲಿ ನಿಮ್ಮ 8400 ಎದ್ದು ಕೂರುವ ಸಾಧ್ಯತೆ ಚೆನ್ನಾಗಿದೆ.

ಮುಂದಿನ ತಲೆಮಾರುಗಳನ್ನೂ ಇಲ್ಲೇ ಹೇಳಿಬಿಡುತ್ತೇವೆ, ಏಕೆಂದರೆ ಈ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ಬರುತ್ತಲೇ ಇದೆ. 10ನೇ ತಲೆಮಾರಿನ ಐ5-10400 ಎಲ್‌ಜಿಎ 1200ರದ್ದು. ಎಚ್410, ಬಿ460, ಎಚ್510, ಬಿ560 ಎಲ್ಲದರಲ್ಲೂ ಓಡುತ್ತದೆ. 11ನೇ ತಲೆಮಾರಿನದಕ್ಕೆ ಎಚ್510 ಅಥವಾ ಬಿ560 ಬೇಕು. ಎಚ್410, ಬಿ460 ನಂಬಬೇಡಿ. ಇನ್ನೊಂದು ಸೂಕ್ಷ್ಮ: ಬಿ560 ಬೋರ್ಡ್‌ಗಳಲ್ಲಿ ಪ್ರೊಸೆಸರಿಗೆ ನೇರ ಜೋಡಣೆಯಾದ ಎಂ.2 ಸ್ಲಾಟ್ (ಪಟ್ಟಿಯಾಕಾರದ ಎಸ್‌ಎಸ್‌ಡಿ ಕೂರುವ ಜಾಗ) 11ನೇ ತಲೆಮಾರಿನ ಪ್ರೊಸೆಸರ್ ಇದ್ದರೆ ಮಾತ್ರ ಜೀವಂತ. 10400 ಹಾಕಿ ಆ ಸ್ಲಾಟ್‌ನಲ್ಲಿ ಎಸ್‌ಎಸ್‌ಡಿ ಕೂರಿಸಿದರೆ ಅದು ಕಾಣುವುದೇ ಇಲ್ಲ. ಎಸ್‌ಎಸ್‌ಡಿ ಕೆಟ್ಟಿದೆ ಎಂದು ವಾಪಸು ಕಳಿಸುವ ಮುನ್ನ ಎರಡನೇ ಸ್ಲಾಟ್‌ಗೆ ಹಾಕಿ ನೋಡಿ.

12ರಿಂದ 14ನೇ ತಲೆಮಾರು ಎಲ್‌ಜಿಎ 1700. ಎಚ್610, ಬಿ660, ಬಿ760 ಸಿಗುತ್ತವೆ. 600 ಸರಣಿಯ ಬೋರ್ಡ್ ಹಳೆಯ ಸರಕಾಗಿದ್ದರೆ 13, 14ನೇ ತಲೆಮಾರಿಗೆ ಬಯೋಸ್ (ಕಂಪ್ಯೂಟರನ್ನು ಎಬ್ಬಿಸುವ, ಬೋರ್ಡ್‌ನೊಳಗಿನ ತಂತ್ರಾಂಶ) ಅಪ್‌ಡೇಟ್ ಬೇಕಾಗುತ್ತದೆ, ಅದನ್ನು ಅಂಗಡಿಯಲ್ಲೇ ಮಾಡಿಸಿಕೊಳ್ಳಿ. ಈ ಬೋರ್ಡ್‌ಗಳು ಡಿಡಿಆರ್4 ಒಂದು ಬಗೆ, ಡಿಡಿಆರ್5 ಇನ್ನೊಂದು ಬಗೆ ಎಂದು ಬರುತ್ತವೆ. ನಿಮ್ಮ ಹಳೆಯ ರ್‍ಯಾಮ್ ಯಾವುದೋ ಆ ಬಗೆಯ ಬೋರ್ಡನ್ನೇ ಕೇಳಿ. ಕಚ್ಚು ಬೇರೆ ಜಾಗದಲ್ಲಿರುವುದರಿಂದ ಒಂದು ಇನ್ನೊಂದಕ್ಕೆ ಕೂರುವುದಿಲ್ಲ.

ಪ್ರಶ್ನೆ: ಪ್ರೊಸೆಸರ್, ರ್‍ಯಾಮ್, ಎಸ್‌ಎಸ್‌ಡಿಯನ್ನು ಹಳೆಯ ಟವರ್‌ನಿಂದ ಹೊಸ ಮೈಕ್ರೋ ಎಟಿಎಕ್ಸ್ ಬೋರ್ಡ್ ಮತ್ತು ಕ್ಯಾಬಿನೆಟ್‌ಗೆ ನಾನೇ ಸಾಗಿಸುತ್ತೇನೆ. ಯಾವ ಕ್ರಮದಲ್ಲಿ ಮಾಡಬೇಕು, ಎಲ್ಲಿ ತಪ್ಪಾಗುತ್ತದೆ?
— ಓದುಗರು, ಮಂಗಳೂರು

ಉತ್ತರ: ಹಳೆಯ ಕಂಪ್ಯೂಟರಿನ ಪ್ಲಗ್ ಕಿತ್ತು, ಪವರ್ ಬಟನ್ ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಕೂಲರ್ ತೆಗೆಯುವಾಗ ನಾಲ್ಕೂ ಸ್ಕ್ರೂಗಳನ್ನು ಕರ್ಣದ ಮೇಲೆ, ಸ್ವಲ್ಪ ಸ್ವಲ್ಪವೇ ಸಡಿಲಿಸಿ. ಇಂಟೆಲ್ ಪ್ರೊಸೆಸರಿಗೆ ಕಾಲುಗಳಿಲ್ಲ, ಕಾಲುಗಳಿರುವುದು ಸಾಕೆಟ್‌ನಲ್ಲಿ. ಆದ್ದರಿಂದ ಹೊಸ ಬೋರ್ಡ್‌ನ ಸಾಕೆಟ್ ಮೇಲಿನ ಪ್ಲಾಸ್ಟಿಕ್ ಮುಚ್ಚಳವನ್ನು ಪ್ರೊಸೆಸರ್ ಕೂರಿಸುವ ಕೊನೇ ಗಳಿಗೆಯ ತನಕ ತೆಗೆಯಬೇಡಿ, ಆಮೇಲೆ ಎಸೆಯಲೂ ಬೇಡಿ. ವಾರಂಟಿಗೆ ಬೋರ್ಡ್ ಕಳಿಸುವಾಗ ಅದನ್ನು ಕೇಳುತ್ತಾರೆ. ಸಾಕೆಟ್‌ನಲ್ಲಿ ಒಂದು ಕಾಲು ಬಾಗಿದರೂ ರ್‍ಯಾಮ್‌ನ ಒಂದು ಸ್ಲಾಟ್ ಸಾಯಬಹುದು. ಹಳೆಯ ಥರ್ಮಲ್ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಎಳೆ ಬಿಡದ ಬಟ್ಟೆಯಿಂದ ಒರೆಸಿ. ಹೊಸದು ಮಧ್ಯದಲ್ಲಿ ಬಟಾಣಿಯಷ್ಟು ಸಾಕು.

ಕ್ಯಾಬಿನೆಟ್‌ಗೆ ಹಾಕುವ ಮುನ್ನ ಹೊರಗೇ ಪರೀಕ್ಷೆ ಮಾಡಿ. ಇದೊಂದು ಹೆಜ್ಜೆ ಬಿಟ್ಟವರೇ ಆಮೇಲೆ ಇಡೀ ಡಬ್ಬವನ್ನು ಎರಡು ಸಲ ಕಳಚುವುದು. ಬೋರ್ಡ್ ಬಂದ ರಟ್ಟಿನ ಪೆಟ್ಟಿಗೆಯ ಮೇಲೆ ಬೋರ್ಡ್ ಇಡಿ. ಹೊಳೆಯುವ ಆ್ಯಂಟಿಸ್ಟ್ಯಾಟಿಕ್ ಚೀಲದ ಮೇಲಲ್ಲ. ಅದರ ಹೊರಮೈಯಲ್ಲಿ ವಿದ್ಯುತ್ ಹರಿಯಬಲ್ಲದು. ಪ್ರೊಸೆಸರ್, ಕೂಲರ್, ಒಂದೇ ಒಂದು ರ್‍ಯಾಮ್ ಹಾಕಿ, 24 ಪಿನ್ ಮತ್ತು ಪ್ರೊಸೆಸರಿನ 8 ಪಿನ್ ಸಿಕ್ಕಿಸಿ, ಸ್ಕ್ರೂಡ್ರೈವರಿನ ತುದಿಯಿಂದ ಪವರ್ ಬಟನ್ನಿನ ಎರಡು ಪಿನ್‌ಗಳನ್ನು ಒಂದು ಕ್ಷಣ ಜೋಡಿಸಿ. ಬಯೋಸ್ ಪರದೆ ಬಂತೇ? ಸರಿ, ಈಗ ಆರಿಸಿ, ಪ್ಲಗ್ ಕಿತ್ತು ಮುಂದುವರಿಯಿರಿ.

ಕ್ಯಾಬಿನೆಟ್‌ನ ತಗಡಿನ ಮೇಲೆ ಹಿತ್ತಾಳೆಯ ಪುಟ್ಟ ಕಂಬಗಳಿರುತ್ತವೆ, ಸ್ಟ್ಯಾಂಡಾಫ್ ಎನ್ನುತ್ತಾರೆ. ಬೋರ್ಡ್ ತಗಡಿಗೆ ತಾಗದಂತೆ ಎತ್ತಿ ಹಿಡಿಯುವುದು ಇವೇ. ಎಟಿಎಕ್ಸ್ ಬೋರ್ಡ್ 305×244 ಮಿಲಿಮೀಟರ್, ಮೈಕ್ರೋ ಎಟಿಎಕ್ಸ್ ಹೆಚ್ಚೆಂದರೆ 244×244. ಅಂದರೆ ಎಟಿಎಕ್ಸ್‌ಗೆಂದು ಕಾರ್ಖಾನೆಯಲ್ಲೇ ಕೂರಿಸಿದ ಕೆಲವು ಕಂಬಗಳು ನಿಮಗೆ ಹೆಚ್ಚುವರಿ. ಅಗ್ಗದ ಮೈಕ್ರೋ ಎಟಿಎಕ್ಸ್ ಬೋರ್ಡ್‌ಗಳು ಇನ್ನೂ ಕಿರಿದಾಗಿದ್ದು ಆರೇ ತೂತು ಇರುವುದೂ ಉಂಟು. ತೂತಿಲ್ಲದ ಜಾಗದ ಕಂಬವನ್ನು ತೆಗೆಯದೆ ಬಿಟ್ಟರೆ ಅದು ಬೋರ್ಡ್‌ನ ಹಿಂಬದಿಯ ಬೆಸುಗೆಗೆ ತಾಗಿ ಶಾರ್ಟ್ ಆಗುತ್ತದೆ. ಫ್ಯಾನು ಅರೆ ಸೆಕೆಂಡ್ ತಿರುಗಿ ನಿಂತುಹೋಗುವುದು ಇದರ ಸಾಮಾನ್ಯ ಲಕ್ಷಣ. ಬೋರ್ಡನ್ನು ತಗಡಿನ ಮೇಲೆ ಹಿಡಿದು, ತೂತುಗಳನ್ನು ಎಣಿಸಿ, ಅಷ್ಟೇ ಕಂಬ ಉಳಿಸಿ. ಪೋರ್ಟ್‌ಗಳ ತಗಡು ಪ್ರತ್ಯೇಕವಾಗಿ ಬಂದಿದ್ದರೆ ಬೋರ್ಡ್‌ಗಿಂತ ಮೊದಲು ಅದನ್ನು ಒಳಗಿನಿಂದ ಒತ್ತಿ ಕೂರಿಸಿ. ಮರೆತರೆ ಎಲ್ಲ ಮತ್ತೆ ಬಿಚ್ಚಬೇಕು.

ಸ್ಕ್ರೂಗಳು ಎರಡು ಬಗೆ. ದಪ್ಪ ಎಳೆಯ 6-32 ಎಸ್‌ಎಂಪಿಎಸ್‌ಗೆ, 3.5 ಇಂಚಿನ ಹಾರ್ಡ್‌ಡಿಸ್ಕಿಗೆ. ಸಣ್ಣ ಎಳೆಯ ಎಂ3 2.5 ಇಂಚಿನ ಎಸ್‌ಎಸ್‌ಡಿಗೆ. ಬೋರ್ಡ್‌ಗೆ ಯಾವುದು ಎನ್ನುವುದು ಕಂಬದ ಮೇಲೆ ನಿಂತಿದೆ. ಮೊದಲು ಬೆರಳಿನಿಂದಲೇ ತಿರುಗಿಸಿ, ತಡೆದರೆ ಬೇರೆಯದು ತೆಗೆದುಕೊಳ್ಳಿ. ಎಂ.2 ಎಸ್‌ಎಸ್‌ಡಿಯ ಸ್ಕ್ರೂ ಇನ್ನೂ ಪುಟ್ಟದು, ಹೊಸ ಬೋರ್ಡ್‌ನ ಪೆಟ್ಟಿಗೆಯಲ್ಲಿ ಬರುವ ಚಿಕ್ಕ ಪೊಟ್ಟಣದೊಳಗೆ ಇರುತ್ತದೆ. ಅದು ಕಳೆದರೆ ಊರಿನ ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸುಲಭಕ್ಕೆ ಸಿಗದು.

ಮುಂಭಾಗದ ಸಣ್ಣ ವೈರುಗಳು ಎಲ್ಲರಿಗೂ ತಲೆನೋವು. ಈಗಿನ ಬೋರ್ಡ್‌ಗಳಲ್ಲಿ ಹೆಚ್ಚಿನವು ಒಂದೇ ಜೋಡಣೆ ಪಾಲಿಸುತ್ತವೆ: ಎರಡು ಸಾಲು, ಒಂಬತ್ತು ಪಿನ್, ಹತ್ತನೆಯ ಜಾಗ ಖಾಲಿ. ಬೆಸ ಸಂಖ್ಯೆಯ ಸಾಲಿನಲ್ಲಿ 1 ಮತ್ತು 3 ಹಾರ್ಡ್‌ಡಿಸ್ಕ್ ದೀಪ, 5 ಮತ್ತು 7 ರೀಸೆಟ್. ಸಮ ಸಂಖ್ಯೆಯ ಸಾಲಿನಲ್ಲಿ 2 ಮತ್ತು 4 ಪವರ್ ದೀಪ, 6 ಮತ್ತು 8 ಪವರ್ ಬಟನ್. ಬಟನ್ನುಗಳಿಗೆ ಪ್ಲಸ್ ಮೈನಸ್ ಇಲ್ಲ, ಹೇಗೆ ಸಿಕ್ಕಿಸಿದರೂ ಸರಿ. ದೀಪಗಳಿಗೆ ಇದೆ. ಉರಿಯದಿದ್ದರೆ ತಿರುಗಿಸಿ ಹಾಕಿ, ಏನೂ ಕೆಡುವುದಿಲ್ಲ.

ಕೆಡುವ ಜಾಗ ಇನ್ನೊಂದಿದೆ. ಮಾಡ್ಯುಲರ್ ಎಸ್‌ಎಂಪಿಎಸ್ ಕೊಂಡರೆ ಅದರ ಜೊತೆ ಬಂದ ವೈರುಗಳನ್ನೇ ಬಳಸಿ. ಬೋರ್ಡ್, ಡಿಸ್ಕಿನ ಕಡೆಯ ತುದಿಗೆ ನಿಯಮವಿದೆ. ಎಸ್‌ಎಂಪಿಎಸ್ ಕಡೆಯ ತುದಿಗೆ ಇಲ್ಲ. ಒಂದೇ ಕಂಪನಿಯ ಎರಡು ಮಾದರಿಗಳ ನಡುವೆಯೂ ಪಿನ್ನುಗಳ ಜಾಗ ಬದಲಾಗಿರುತ್ತದೆ. ಹಳೆಯ ವೈರು ಸಲೀಸಾಗಿ ಕೂರುತ್ತದೆ, 5 ವೋಲ್ಟ್ ಇರಬೇಕಾದಲ್ಲಿ 12 ಹೋಗುತ್ತದೆ, ಹಾರ್ಡ್‌ಡಿಸ್ಕ್ ಅದರೊಳಗಿನ ಫೋಟೋಗಳ ಸಮೇತ ಸುಡುತ್ತದೆ.

ಪ್ರಶ್ನೆ: ಎಲ್ಲ ಜೋಡಿಸಿದೆ. ಫ್ಯಾನುಗಳು ತಿರುಗುತ್ತವೆ, ದೀಪ ಉರಿಯುತ್ತದೆ, ಪರದೆಯಲ್ಲಿ ಏನೂ ಇಲ್ಲ.
— ಓದುಗರು, ವಿಜಯಪುರ

ಉತ್ತರ: ಪ್ರೊಸೆಸರಿನ 4 ಅಥವಾ 8 ಪಿನ್ನಿನ ವೈರು ಸಿಕ್ಕಿಸಿದ್ದೀರಾ? 24 ಪಿನ್ ಮಾತ್ರ ಇದ್ದರೂ ಫ್ಯಾನು ತಿರುಗುತ್ತದೆ, ಹೀಗಾಗಿ ಮೋಸ ಹೋಗುವುದು ಸುಲಭ. ಅದು ಬೋರ್ಡ್‌ನ ಮೇಲ್ತುದಿಯ ಎಡ ಮೂಲೆಯಲ್ಲಿರುತ್ತದೆ. ಗ್ರಾಫಿಕ್ಸ್ ಕಾರ್ಡ್‌ನ 6+2 ಪಿನ್ನನ್ನು ಅಲ್ಲಿ ತುರುಕಬೇಡಿ, ಅದರ ಪ್ಲಸ್ ಮೈನಸ್ ತಲೆಕೆಳಗು.

ಆಮೇಲೆ ರ್‍ಯಾಮ್. ಎರಡೂ ಕೊನೆಯಲ್ಲಿ ಟಕ್ ಎಂದು ಕೂರುವ ತನಕ ಒತ್ತಿ. ನಾಲ್ಕು ಸ್ಲಾಟ್ ಇದ್ದರೆ ಒಂದೇ ತುಂಡನ್ನು ಪ್ರೊಸೆಸರಿನಿಂದ ಎರಡನೆಯದಕ್ಕೆ, ಎರಡು ತುಂಡಿದ್ದರೆ ಎರಡು ಮತ್ತು ನಾಲ್ಕನೆಯದಕ್ಕೆ ಹಾಕಿ. ಡಿಡಿಆರ್5 ಆಗಿದ್ದರೆ ಮೊದಲ ಸಲ ಕೆಲವು ನಿಮಿಷ ಕಪ್ಪು ಪರದೆಯೇ ಇರುತ್ತದೆ, ಬೋರ್ಡ್ ರ್‍ಯಾಮನ್ನು ಅಳೆದು ಹೊಂದಿಸಿಕೊಳ್ಳುತ್ತಿರುತ್ತದೆ. ಆರಿಸದೆ ಕಾಯಿರಿ.

ಪ್ರೊಸೆಸರಿನ ಹೆಸರು ಎಫ್ ಅಕ್ಷರದಿಂದ ಮುಗಿಯುತ್ತದೆಯೇ, 10400ಎಫ್, 12400ಎಫ್ ಥರ? ಅದರಲ್ಲಿ ಗ್ರಾಫಿಕ್ಸ್ ಇಲ್ಲ. ಮಾನಿಟರಿನ ವೈರು ಬೋರ್ಡ್‌ಗಲ್ಲ, ಗ್ರಾಫಿಕ್ಸ್ ಕಾರ್ಡ್‌ಗೆ ಹೋಗಬೇಕು. ಇದ್ಯಾವುದೂ ಅಲ್ಲವೆಂದರೆ ಪ್ಲಗ್ ಕಿತ್ತು, ಸಿಆರ್2032 ಬ್ಯಾಟರಿಯನ್ನು ಐದು ನಿಮಿಷ ಹೊರಗಿಟ್ಟು ಮತ್ತೆ ಹಾಕಿ. ಬಯೋಸ್‌ನ ಹೊಂದಿಕೆಗಳು ಮೊದಲಿನಂತಾಗುತ್ತವೆ.

ಪ್ರಶ್ನೆ: ಬೋರ್ಡ್ ಬದಲಿಸಿದ ಮೇಲೆ ಹಳೆಯ ಎಸ್‌ಎಸ್‌ಡಿಯಲ್ಲಿರುವ ವಿಂಡೋಸ್ ಹಾಗೇ ಓಡುತ್ತದೆಯೇ? ಲೈಸೆನ್ಸ್ ಉಳಿಯುತ್ತದೆಯೇ?
— ಓದುಗರು, ಮೈಸೂರು

ಉತ್ತರ: ಓಡುವುದು ಹೆಚ್ಚಿನ ಸಲ ಆಗುತ್ತದೆ, ಉಳಿಯುವುದು ಸಾಮಾನ್ಯವಾಗಿ ಆಗುವುದಿಲ್ಲ. ಬ್ರಾಂಡೆಡ್ ಕಂಪ್ಯೂಟರಿನ ಲೈಸೆನ್ಸ್ ಒಇಎಂ ಬಗೆಯದು. ಅದರ ಕೀಲಿ ಬೋರ್ಡ್‌ನ ಬಯೋಸ್‌ನಲ್ಲೇ ಕೂತಿರುತ್ತದೆ. ಬೋರ್ಡ್ ಹೋದರೆ ಅದೂ ಹೋಯಿತು. ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ ಸಾಗಿಸುವ ಉಪಾಯ ಬಿಡಿಯಾಗಿ ಕೊಂಡ ರಿಟೇಲ್ ಲೈಸೆನ್ಸ್‌ಗೆ. ನಿಮ್ಮದು ಯಾವುದು ಎಂದು ತಿಳಿಯಲು ಕಮಾಂಡ್ ಪ್ರಾಂಪ್ಟ್‌ನಲ್ಲಿ ಎಸ್‌ಎಲ್‌ಎಂಜಿಆರ್, ಜಾಗ ಬಿಟ್ಟು ಓರೆಗೆರೆ, ಡಿಎಲ್‌ಐ ಎಂದು ಕೊಡಿ. ತೆರೆಯುವ ಚಿಕ್ಕ ಕಿಟಕಿಯಲ್ಲಿ ಒಇಎಂ, ರಿಟೇಲ್, ವಾಲ್ಯೂಮ್ ಎಂಬ ಮೂರರಲ್ಲಿ ಒಂದು ಕಾಣುತ್ತದೆ. ಸೆಕೆಂಡ್ ಹ್ಯಾಂಡ್ ಕೊಂಡದ್ದರಲ್ಲಿ ವಾಲ್ಯೂಮ್ ಕಂಡರೆ ಅದು ಯಾವುದೋ ಸಂಸ್ಥೆಯ ಪರವಾನಗಿ, ನಿಮ್ಮದಲ್ಲ.

ಇನ್ನು ಓಡುವ ವಿಚಾರ. ಮೂರು ಕಡೆ ಮುಗ್ಗರಿಸುತ್ತದೆ, ಮೂರಕ್ಕೂ ಮದ್ದು ಹಳೆಯ ಕಂಪ್ಯೂಟರ್ ಬಿಚ್ಚುವ ಮೊದಲೇ ಕೊಡಬೇಕಾದದ್ದು. ಬಿಟ್‌ಲಾಕರ್ ಅಥವಾ ಡಿವೈಸ್ ಎನ್‌ಕ್ರಿಪ್ಶನ್ (ಡಿಸ್ಕಿಗೆ ಬೀಗ ಹಾಕುವ ವಿಂಡೋಸ್ ಸೌಲಭ್ಯ) ಆನ್ ಆಗಿದ್ದರೆ ಅದರ ಕೀಲಿ ಹಳೆಯ ಬೋರ್ಡ್‌ನ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿದೆ. ಹೊಸ ಬೋರ್ಡ್‌ನಲ್ಲಿ ನೀಲಿ ಪರದೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅದು ಇಲ್ಲದೆ ಡಿಸ್ಕಿನೊಳಗಿನ ಒಂದು ಕಡತವೂ ಸಿಗುವುದಿಲ್ಲ, ಯಾವ ಅಂಗಡಿಯವರಿಗೂ ತೆಗೆಯಲಾಗದು. ಸೆಟ್ಟಿಂಗ್ಸ್‌ನಲ್ಲಿ ಎನ್‌ಕ್ರಿಪ್ಶನ್ ಪೂರ್ತಿ ಆಫ್ ಮಾಡಿ, ಬಿಡಿಸುವ ಕೆಲಸ ಮುಗಿಯುವ ತನಕ ಕಾಯಿರಿ.

ಎರಡನೆಯದು, ಡೆಲ್‌ನ ಅನೇಕ ಕಂಪ್ಯೂಟರ್‌ಗಳು ಕಾರ್ಖಾನೆಯಿಂದಲೇ ಸಾಟಾ ಹೊಂದಿಕೆಯನ್ನು (ಬೋರ್ಡ್ ಡಿಸ್ಕಿನೊಡನೆ ಮಾತಾಡುವ ರೀತಿ) ರೇಡ್ ಎಂದಿಟ್ಟು ಬರುತ್ತವೆ. ಹೊಸ ಬೋರ್ಡ್‌ನಲ್ಲಿ ಅದು ಎಎಚ್‌ಸಿಐ. ವಿಂಡೋಸ್ ಶುರುವಾಗುತ್ತಲೇ ಬೂಟ್ ಡಿಸ್ಕ್ ಸಿಗಲಿಲ್ಲ ಎಂಬ ನೀಲಿ ಪರದೆ ಬರುತ್ತದೆ. ಹಳೆಯ ಕಂಪ್ಯೂಟರಿನಲ್ಲೇ ಎಂಎಸ್‌ಕಾನ್ಫಿಗ್ ತೆರೆದು, ಬೂಟ್ ಪುಟದಲ್ಲಿ ಸೇಫ್ ಬೂಟ್, ಮಿನಿಮಲ್ ಆರಿಸಿ, ರೀಸ್ಟಾರ್ಟ್ ಮಾಡಿ ಬಯೋಸ್‌ಗೆ ಹೋಗಿ ಎಎಚ್‌ಸಿಐ ಮಾಡಿ. ಒಮ್ಮೆ ಸೇಫ್ ಮೋಡ್‌ನಲ್ಲಿ ತೆರೆದ ಮೇಲೆ ಗುರುತು ತೆಗೆಯಿರಿ. ವಿಂಡೋಸ್ ಬೇಕಾದ ಡ್ರೈವರನ್ನು ತಾನೇ ಹಚ್ಚಿಕೊಂಡಿರುತ್ತದೆ.

ಮೂರನೆಯದು ವಿಂಡೋಸ್ 7ರ ಕಾಲದಿಂದ ಅಪ್‌ಗ್ರೇಡ್ ಆಗುತ್ತ ಬಂದ ಡಿಸ್ಕುಗಳದು. ಅವು ಎಂಬಿಆರ್ ಎಂಬ ಹಳೆಯ ಡಿಸ್ಕ್ ವಿನ್ಯಾಸದಲ್ಲಿ, ಹಳೆಯ ಲೆಗಸಿ ಬೂಟ್‌ನಲ್ಲಿರುತ್ತವೆ. ಇತ್ತೀಚಿನ ಬೋರ್ಡ್‌ಗಳು ಯುಇಎಫ್‌ಐ ಎಂಬ ಹೊಸ ಬೂಟ್ ವಿಧಾನವನ್ನೇ ಕೇಳುತ್ತವೆ. ವಿಂಡೋಸ್ 10ರ 1703 ಆವೃತ್ತಿಯಿಂದ ಎಂಬಿಆರ್2ಜಿಪಿಟಿ ಎಂಬ ಸಲಕರಣೆ ಒಳಗೇ ಇದೆ, ಕಡತ ಅಳಿಸದೆ ಡಿಸ್ಕಿನ ವಿನ್ಯಾಸವನ್ನು ಹೊಸ ಜಿಪಿಟಿಗೆ ಬದಲಿಸುತ್ತದೆ. ಮೊದಲು ಬ್ಯಾಕಪ್, ಆಮೇಲೆ ಅದು. ನಿಜ ಹೇಳಬೇಕೆಂದರೆ ಹೊಸ ಬೋರ್ಡ್‌ಗೆ ಹೊಸದಾಗಿಯೇ ವಿಂಡೋಸ್ ಹಾಕುವುದು ವಾಸಿ. ಡೆಲ್, ಎಚ್‌ಪಿ ತುಂಬಿಸಿದ ಸಹಾಯಕ ತಂತ್ರಾಂಶಗಳು ಬೇರೆ ಬೋರ್ಡ್‌ನಲ್ಲಿ ಸುಮ್ಮನೆ ದೋಷ ತೋರಿಸುತ್ತ ಕೂರುತ್ತವೆ.

ಪ್ರಶ್ನೆ: ಅಗ್ಗಕ್ಕೆ 16 ಜಿಬಿಯ ಡಿಡಿಆರ್3 ರ್‍ಯಾಮ್ ಸಿಕ್ಕಿತು, ಡೆಲ್ ವರ್ಕ್‌ಸ್ಟೇಷನ್ನಿನಿಂದ ತೆಗೆದದ್ದಂತೆ. ನನ್ನ ಎಚ್81 ಬೋರ್ಡ್‌ನಲ್ಲಿ ಕೂರುತ್ತದೆ, ಆದರೆ ಬೀಪ್ ಹೊಡೆಯುತ್ತದೆ.
— ಓದುಗರು, ಕಲಬುರಗಿ

ಉತ್ತರ: ಸ್ಟಿಕ್ಕರ್ ನೋಡಿ. ಅದರಲ್ಲಿ ಪಿಸಿ3-12800 ಎಂಬ ವೇಗದ ಸಂಖ್ಯೆಯ ನಂತರ ಆರ್ ಅಕ್ಷರವಿದ್ದರೆ ಅದು ಸರ್ವರ್, ವರ್ಕ್‌ಸ್ಟೇಷನ್‌ಗಳ ರಿಜಿಸ್ಟರ್ಡ್ ರ್‍ಯಾಮ್. ಮನೆಯ ಬೋರ್ಡ್‌ಗಳಿಗೆ ಬೇಕಾದದ್ದು ಯು ಅಕ್ಷರದ್ದು. ಯಾವ ಬಯೋಸ್ ಅಪ್‌ಡೇಟೂ ಇದನ್ನು ಸರಿಮಾಡದು, ವಾಪಸು ಕೊಡಿ. ಹಾಗೆಯೇ, ಈ ಚಿಪ್‌ಸೆಟ್‌ನ ಬೋರ್ಡ್‌ಗಳಲ್ಲಿ ಒಂದು ತುಂಡಿಗೆ 8 ಜಿಬಿಯೇ ಮಿತಿ, ಎರಡು ಸ್ಲಾಟ್ ಸೇರಿ 16.

ಪ್ರಶ್ನೆ: ಲೆನೊವೊದ ಪುಟ್ಟ ಡೆಸ್ಕ್‌ಟಾಪ್‌ನ ರೈಜನ್ ಪ್ರೊ ಪ್ರೊಸೆಸರನ್ನು ಎಎಂ4 (ಎಎಂಡಿ ಪ್ರೊಸೆಸರ್‌ಗಳ ಸಾಕೆಟ್) ಬೋರ್ಡ್‌ಗೆ ಹಾಕಬಹುದೇ? ಕೂಲರ್ ಎಳೆದಾಗ ಪ್ರೊಸೆಸರೂ ಅದಕ್ಕೆ ಅಂಟಿಕೊಂಡು ಬಂದುಬಿಟ್ಟಿತು ಬೇರೆ.
— ಓದುಗರು, ಉಡುಪಿ

ಉತ್ತರ: ಕೊನೆಯದನ್ನು ಮೊದಲು ನೋಡೋಣ. ಎಎಂ4 ಪ್ರೊಸೆಸರಿಗೆ 1331 ಕಾಲುಗಳಿವೆ, ಸಾಕೆಟ್‌ನ ಚಿಲಕ ಹಾಕಿದ್ದರೂ ಒಣಗಿದ ಪೇಸ್ಟ್ ಅದನ್ನು ಕಿತ್ತು ತರುತ್ತದೆ. ಬಿಚ್ಚುವ ಮೊದಲು ಹತ್ತು ನಿಮಿಷ ಕಂಪ್ಯೂಟರ್ ಓಡಿಸಿ ಬಿಸಿ ಮಾಡಿ, ಆರಿಸಿ ಪ್ಲಗ್ ಕಿತ್ತು, ಕೂಲರನ್ನು ಮೇಲೆ ಎಳೆಯದೆ ಎಡಕ್ಕೆ ಬಲಕ್ಕೆ ತಿರುಚುತ್ತ ಸಡಿಲಿಸಬೇಕಿತ್ತು. ಈಗ ಕಾಲುಗಳನ್ನು ಬೆಳಕಿಗೆ ಹಿಡಿದು ಸಾಲು ಸಾಲಾಗಿ ನೋಡಿ. ಬಾಗಿದ್ದನ್ನು ತೆಳು ಬ್ಲೇಡಿನಿಂದಲೋ ಸೀಸ ತೆಗೆದ ಮೆಕಾನಿಕಲ್ ಪೆನ್ಸಿಲಿನ ತುದಿಯಿಂದಲೋ ನಿಧಾನವಾಗಿ ನೆಟ್ಟಗೆ ಮಾಡಬಹುದು. ಸಾಕೆಟ್‌ಗೆ ತಾನಾಗಿ ಇಳಿಯದಿದ್ದರೆ ಒತ್ತಬೇಡಿ.

ಮುಖ್ಯ ಪ್ರಶ್ನೆಗೆ ಬಂದರೆ, ಹೊಸ ಬೋರ್ಡ್ ಕೊಳ್ಳುವ ಮುನ್ನ ಬರೆದದ್ದಾದರೆ ಒಳ್ಳೆಯದಾಯಿತು. ಲೆನೊವೊ ತನ್ನ ಕೆಲವು ರೈಜನ್ ಪ್ರೊ ಮಾದರಿಗಳಲ್ಲಿ ಎಎಂಡಿಯ ಪ್ಲಾಟ್‌ಫಾರ್ಮ್ ಸೆಕ್ಯೂರ್ ಬೂಟ್ ಆನ್ ಮಾಡುತ್ತದೆ. ಆಗ ಪ್ರೊಸೆಸರಿನೊಳಗಿನ ಫ್ಯೂಸ್‌ಗಳು ಶಾಶ್ವತವಾಗಿ ಬರೆದುಹೋಗಿ, ಅದು ಲೆನೊವೊ ಸಹಿ ಮಾಡಿದ ಬಯೋಸ್ ಇರುವ ಬೋರ್ಡ್‌ನಲ್ಲಿ ಮಾತ್ರ ಏಳುತ್ತದೆ. ಬೇರೆ ಬೋರ್ಡ್‌ನಲ್ಲಿ ಸತ್ತಂತೆಯೇ. ಬಿಡಿಸುವ ದಾರಿಯೇ ಇಲ್ಲ. ಸೆಕೆಂಡ್ ಹ್ಯಾಂಡ್ ರೈಜನ್ ಪ್ರೊ ಯಾರೇ ಮಾರಿದರೂ ಸಾಮಾನ್ಯ ಎಎಂ4 ಬೋರ್ಡ್‌ನಲ್ಲಿ ಹಾಕಿ ಬಯೋಸ್ ಪರದೆ ತೋರಿಸಲು ಹೇಳಿ. ತೋರಿಸದಿದ್ದರೆ ಬೇಡ.

ಪ್ರಶ್ನೆ: ಅಮೆರಿಕದಲ್ಲಿರುವ ಮಗ ಅಲ್ಲಿನ ಗೇಮಿಂಗ್ ಡೆಸ್ಕ್‌ಟಾಪ್ ಕಳಿಸುತ್ತೇನೆ ಎನ್ನುತ್ತಾನೆ. ಇಲ್ಲಿ ಕರೆಂಟಿಗೆ ಆಗುತ್ತದೆಯೇ?
— ಓದುಗರು, ಧಾರವಾಡ

ಉತ್ತರ: ಎಸ್‌ಎಂಪಿಎಸ್‌ನ ಲೇಬಲ್‌ನ ಫೋಟೋ ತರಿಸಿಕೊಳ್ಳಿ. ಇನ್‌ಪುಟ್ 100-240 ವೋಲ್ಟ್ ಎಂದಿದ್ದರೆ ವೈರು ಬದಲಿಸಿದರೆ ಸಾಕು. ಹಿಂಬದಿಯಲ್ಲಿ 115/230 ಎಂಬ ಕೆಂಪು ಸ್ವಿಚ್ ಇದ್ದರೆ, ಪ್ಲಗ್ ಸಿಕ್ಕಿಸುವ ಮೊದಲು 230ಕ್ಕೆ ಜರುಗಿಸಬೇಕು. 115ರಲ್ಲೇ ಬಿಟ್ಟು ನಮ್ಮ 230ಕ್ಕೆ ಹಾಕಿದರೆ ಒಳಗಿನ ಕೆಪ್ಯಾಸಿಟರ್‌ಗಳು ಸದ್ದು ಮಾಡಿ ಸಿಡಿಯುತ್ತವೆ. ಬರೀ 115 ಎಂದಿದ್ದರೆ ಎಸ್‌ಎಂಪಿಎಸ್ ಅಲ್ಲೇ ಬಿಟ್ಟು ಬರಲಿ.

ಆದರೂ ಇಡೀ ಡಬ್ಬ ಕಳಿಸುವುದಕ್ಕೆ ನಾವು ಒಪ್ಪುವುದಿಲ್ಲ. ಭಾರದ ಗ್ರಾಫಿಕ್ಸ್ ಕಾರ್ಡ್ ಪ್ರಯಾಣದಲ್ಲಿ ಕುಲುಕಿ ಸ್ಲಾಟನ್ನೇ ಮುರಿಯುತ್ತದೆ. ಪ್ರೊಸೆಸರ್, ರ್‍ಯಾಮ್, ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಬಿಚ್ಚಿ ತರಲಿ. ಬೋರ್ಡ್, ಕ್ಯಾಬಿನೆಟ್, ಎಸ್‌ಎಂಪಿಎಸ್ ಇಲ್ಲಿ ಕೊಳ್ಳಿ. ಪ್ರೊಸೆಸರಿನ ವಾರಂಟಿ ಎಣಿಸಬೇಡಿ. ಬ್ರಾಂಡೆಡ್ ಕಂಪ್ಯೂಟರಿನೊಳಗಿನ ಪ್ರೊಸೆಸರಿಗೆ ಇಂಟೆಲ್ ನೇರ ವಾರಂಟಿ ಕೊಡುವುದಿಲ್ಲ, ಕಂಪ್ಯೂಟರ್ ಮಾರಿದ ಕಂಪನಿಯದಷ್ಟೇ.

ವೈಫೈ ಕಾರ್ಡನ್ನೂ ಬಿಚ್ಚಿ ತರುವುದಾದರೆ ಅದರ ಸಂಖ್ಯೆ ನೋಡಲಿ. ಎಎಕ್ಸ್200, ಎಎಕ್ಸ್210 ಆದರೆ ಎಂ.2 ವೈಫೈ ಸ್ಲಾಟ್ ಇರುವ ಯಾವ ಬೋರ್ಡ್‌ನಲ್ಲೂ ನಡೆಯುತ್ತದೆ. ಎಎಕ್ಸ್201 ಆದರೆ ಅದರ ಅರ್ಧ ಕೆಲಸ ಇಂಟೆಲ್ ಚಿಪ್‌ಸೆಟ್‌ನೊಳಗೇ ನಡೆಯುವುದರಿಂದ ಎಎಂಡಿ ಬೋರ್ಡ್‌ನಲ್ಲಿ ಕಾಣುವುದೇ ಇಲ್ಲ. ಆ್ಯಂಟೆನಾ ವೈರುಗಳನ್ನು ಕಾರ್ಡ್‌ನಿಂದ ನೇರ ಮೇಲಕ್ಕೆ ಎತ್ತಿ ಬಿಡಿಸಬೇಕು, ಪಕ್ಕಕ್ಕೆ ಎಳೆದರೆ ಕಾರ್ಡ್ ಮೇಲಿನ ಪುಟ್ಟ ಗುಂಡಿಯೇ ಕಿತ್ತು ಬರುತ್ತದೆ.